ಕುಲುಮೆಯ ಹಿಂದಿನ ತೋಡು

ಉಪ್ಪಳದ ನಮ್ಮ ಹಿತ್ತಿಲ ತೋಡಿನಿಂದ
ನಾಲ್ಕು ಚಮಚ ಕೆಸರು ತಂದೆ,
ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ.
ಬಸ್ಸಿನಲ್ಲಿ ಪಕ್ಕದವಳು ಕೇಳಿದಳು: ಉಪ್ಪಿನಕಾಯಿಯಾ?
ಹೌದು ಎಂದೆ. ನಲವತ್ತು ವರ್ಷ ಹಳತು.

ಅಪ್ಪ, ಕುಂಞಣ್ಣ ಆಚಾರಿ,
ಬೆಳ್ಳಿಗೆ ಚಿನ್ನದ ನೀರು ಹಿಡಿಸುವವರು.
ಅಂಗೈಯ ಗುಳಿಗೆ ಪಾದರಸ ಸುರಿದು
ಚಿನ್ನದ ಚೂರು ಅದರಲ್ಲಿ ಮುಳುಗಿ ಕರಗುವಾಗ
"ನೋಡು, ತಿಂತು" ಎನ್ನುತ್ತಿದ್ದರು.
ಬೆಣ್ಣೆಯಂಥ ಆ ಮುದ್ದೆಯನ್ನು ಸವರಿ
ಕೆಂಡಕ್ಕೆ ಹಿಡಿದರೆ
ರಸ ಹೋಗುತ್ತಿತ್ತು, ಚಿನ್ನ ಉಳಿಯುತ್ತಿತ್ತು.
ಎಲ್ಲಿಗೆ ಹೋಗುತ್ತಿತ್ತೆಂದು ನಾವು ಕೇಳಲಿಲ್ಲ.
ಹೋದದ್ದನ್ನು ಕೇಳಬಾರದು, ಉಳಿದದ್ದನ್ನು ತೂಗಬೇಕು:
ಅಕ್ಕಸಾಲಿಯ ಲೆಕ್ಕ.

ತೊಳೆದ ನೀರು ತೋಡಿಗೆ,
ತೋಡು ಕಾಂಡ್ಲದ ಬೇರಿಗೆ, ಅಲ್ಲಿಂದ ಅಳಿವೆಗೆ.
ನೀರಿಳಿದಾಗ ಅಬ್ಬೋಕರನ ಉಮ್ಮ
ಸೀರೆ ಎತ್ತಿ ಕಟ್ಟಿ ಮರುವಾಯಿ ಹೆಕ್ಕುತ್ತಿದ್ದಳು.
ಒಂದು ಸೇರು ನಮಗೂ.

ಮೊದಲು ನಡುಗಿದ್ದು ಕಿರುಬೆರಳು.
ಆಮೇಲೆ ಇಕ್ಕಳ.
ಆಮೇಲೆ ಚಹದ ಲೋಟ, ಅದರೊಳಗಿನ ದೀಪ.
ನನ್ನನ್ನು ಪಾದರಸದಂಥ ಹುಡುಗಿ ಎಂದು ಹೊಗಳುತ್ತಿದ್ದ ಮಾಸ್ಟ್ರು
ಪ್ರೋಗ್ರೆಸ್ ಕಾರ್ಡಿನಲ್ಲಿ ಅಪ್ಪನ ಸಹಿ ನೋಡಿ
ಮೆಲ್ಲಗೆ ಕೇಳಿದ್ದರು: "ಕುಡಿಯುತ್ತಾರಾ?"

ಕೆಸರಿನಲ್ಲಿ ಎಷ್ಟು ಸತ್ತವೋ.
ಕೋಟಿಯ ಮೇಲೆ ಕೋಟಿ, ಹನ್ನೊಂದನೆಯ ದಿನದ ಊಟವಿಲ್ಲದೆ.
ಉಳಿದವು ವಿಷಕ್ಕೆ ಬಾಗಿಲು ಮುಚ್ಚಲಿಲ್ಲ;
ಓದಿ ಓದಿಯೂ ನನಗೆ ಒಗ್ಗದ ಮಾತು ಇದು:
ಒಳಗೆ ಕರೆದವು.
ಹೊಸಿಲಲ್ಲಿ ಒಂದು ಪ್ರೊಟೀನು
ಗಂಧಕದ ಎರಡು ಬೆರಳು ಚಾಚಿ ಹಿಡಿದು
ಒಳಗಿನವಳ ಕೈಗೆ ದಾಟಿಸುತ್ತದೆ,
ಬಾವಿಕಟ್ಟೆಯಿಂದ ಕೊಡ ದಾಟಿಸಿದಂತೆ, ನೆಲಕ್ಕೆ ತಾಗದ ಹಾಗೆ.
ಒಳಗಿನವಳು ಎರಡು ಎಲೆಕ್ಟ್ರಾನು ಅದರ ಮಡಿಲಿಗೆ ಹಾಕುತ್ತಾಳೆ.
ಇನ್ನು ಹೊರಡು.
ಅದು ಹಬೆಯಾಗಿ ಹೋಗುತ್ತದೆ.
ಕೆಂಡವಿಲ್ಲ, ತಿದಿಯಿಲ್ಲ. ಕುಲುಮೆ ಅದೇ.

ಕಾಸರಗೋಡಿನ ಕತ್ತಲೆಕೋಣೆಯಲ್ಲಿ
ನಫೀಸ ಟೀಚರ್ ಕಲಿಸಿದ ಹಾಗೆ
ಗುಳಿಗುಳಿಯ ತಟ್ಟೆಯ ಮೇಲೆ
ಎಕ್ಸ್‌ರೇ ಫಿಲ್ಮು ಕವುಚಿ ಕಾದೆ.
ಅವು ಬಿಟ್ಟ ಹಬೆ ತಾಗಿದಲ್ಲಿ ಫಿಲ್ಮು ಕಪ್ಪಾಗುತ್ತದೆ.
ತೊಂಬತ್ತಾರು ಗುಳಿ.
ಹನ್ನೊಂದು ಚುಕ್ಕಿ.
ಟೀಚರ್ ನನಗೊಂದು ಪಫ್ಸ್ ತರಿಸಿದರು.

ಮುಂದಿನ ವಾರ ಮದ್ದಿನ ಬಿಲ್ಲೆ ಇಟ್ಟು ನೋಡಿದೆವು,
ಜ್ವರಕ್ಕೆ, ಹುಣ್ಣಿಗೆ ಡಾಕ್ಟ್ರು ಬರೆಯುವ ಅವೇ ಮದ್ದು.
ಹನ್ನೊಂದರಲ್ಲಿ ಏಳು
ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿದ್ದವು.
ಪಾದರಸದ ಪಾಠ ಬರೆದ ಉಂಗುರದಲ್ಲೇ
ಈ ಪಾಠವೂ ಕೂಡಿಕೊಂಡಿರಬೇಕು ಎಂದರು ಟೀಚರ್.
ಒಂದು ಇನ್ನೊಂದಕ್ಕೆ ಆ ಉಂಗುರ ತೊಡಿಸುತ್ತದೆ,
ಜಾತಿ ಕೇಳದೆ, ಕೂಲಿ ಕೇಳದೆ.
ಎಷ್ಟು ಮದುವೆಗೆ ಎಷ್ಟು ಉಂಗುರ ಮಾಡಿದರು ಅಪ್ಪ!
ಇದೊಂದನ್ನು, ತಿಳಿಯದೆ.

ಇನ್ನೂ ಕೆಳಗೆ, ಗಾಳಿ ಮುಟ್ಟದ ಕರಿಕೆಸರಿನಲ್ಲಿ
ಬೇರೆಯವಿವೆಯಂತೆ. ಅವು ಬೀಳ್ಕೊಡುವುದಿಲ್ಲ.
ರಸಕ್ಕೆ ಇನ್ನೊಂದು ಅಂಗಿ ತೊಡಿಸಿ
ಮೀನಿನೊಳಕ್ಕೆ, ಚಿಪ್ಪಿನೊಳಕ್ಕೆ ಕಳಿಸುತ್ತವೆ.
ನನಗೆ ಆ ಒಂದು ಸೇರು ನೆನಪಾಯಿತು.
ಟೀಚರಿಗೆ ಹೇಳಲಿಲ್ಲ.

ಶನಿವಾರ ಫಿಲ್ಮು ಮನೆಗೆ ಒಯ್ದೆ.
ಅಪ್ಪ ಕಿಟಕಿಗೆ ಹಿಡಿದು, ಒಡವೆಯ ಕಲ್ಲೆಣಿಸುವ ಕಣ್ಣಿಂದ
ಎಣಿಸತೊಡಗಿದರು.
ಕೈ ನಿಲ್ಲದೆ ಹನ್ನೊಂದು ಹದಿನಾಲ್ಕಾಯಿತು,
ಮತ್ತೆ ಎಣಿಸಿದರೆ ಒಂಬತ್ತು.
"ನಿನ್ನ ಹುಳಗಳಿಗೆ" ಎಂದರು,
"ಕೈ ನಡುಗುವುದಿಲ್ಲವಾ?"

ಅವಕ್ಕೆ ಕೈಯಿಲ್ಲಪ್ಪ, ಎಂದೆ.

"ಪುಣ್ಯ" ಎಂದು ಫಿಲ್ಮು ಮಡಿಲಲ್ಲಿಟ್ಟುಕೊಂಡರು.
ಅಮ್ಮ ಅಡುಗೆಮನೆಯಿಂದಲೇ ಕೇಳಿದಳು,
ಹಾರ್ಲಿಕ್ಸ್ ಬಾಟಲಿ ವಾಪಸು ತಂದೆಯಾ ಎಂದು.